ಕಾರೋ-ಕಾನ್: ಒಂಟೆ ಮೊದಲು, ಇ6 ಆಮೇಲೆ

ಚೆಸ್‌ನಲ್ಲಿ ಬಿಳಿಯವರ 1. ಇ4ಗೆ ಕಪ್ಪಿನವರು 1…ಸಿ6 ಆಡಿದರೆ ಅದು ಕಾರೋ-ಕಾನ್ ಡಿಫೆನ್ಸ್. ಹಾಸನ, ಅರಸೀಕೆರೆ, ಕಡೂರು, ಚಿಕ್ಕಮಗಳೂರು ಕಡೆ ಭಾನುವಾರದ ರ‍್ಯಾಪಿಡ್ ಟೂರ್ನಿಗೆ ಹೋಗುವ ಮಕ್ಕಳಿಗೂ, ರಾತ್ರಿ ಊಟ ಆದಮೇಲೆ ಮೊಬೈಲಿನಲ್ಲಿ ಹತ್ತು ನಿಮಿಷದ ಆಟ ಆಡುವ ದೊಡ್ಡವರಿಗೂ ಕಪ್ಪಿನಲ್ಲಿ ಇದಕ್ಕಿಂತ ಗಟ್ಟಿಯಾದ ಓಪನಿಂಗ್ ಸಿಗುವುದು ಕಷ್ಟ. ಶುರುವಿನ ಮಟ್ಟದಲ್ಲಿ ಎದುರಾಳಿಗೆ ಮೊದಲು ಹೊಳೆಯುವುದು ಒಂಟೆಯನ್ನು (ಬಿಷಪ್) ಸಿ4ಕ್ಕೆ ತಂದು, ಮಂತ್ರಿಯನ್ನೂ (ಕ್ವೀನ್) ಜೊತೆಗೆ ಇಳಿಸಿ ಎಫ್7 ಹೊಡೆಯುವುದು. ಕಾರೋ-ಕಾನ್‌ನಲ್ಲಿ ಅದಕ್ಕೆ ಆಸ್ಪದವೇ ಇಲ್ಲ. 2. ಒಂಟೆ ಸಿ4 ಅಂದರೆ 2…ಡಿ5. ಆ ಕಾಲಾಳನ್ನು ಹೊಡೆದರೆ ಸಿ×ಡಿ5, ಒಂಟೆ ಎದ್ದು ಓಡಬೇಕು. 2. ಮಂತ್ರಿ ಎಚ್5 ಅಂದರೆ 2…ಕುದುರೆ ಎಫ್6. ಮಂತ್ರಿಗೆ ಹೊಡೆಯಲು ಇ5ರಲ್ಲಿ ನಮ್ಮ ಕಾಲಾಳೇ ಇಲ್ಲ, ಬಂದ ದಾರಿಗೆ ಸುಂಕವಿಲ್ಲದೆ ವಾಪಸ್ ಹೋಗಬೇಕು.

ಆದರೆ ಬಹಳ ಜನ ಇದರ ಎಂಟು ನಡೆ ಬಾಯಿಪಾಠ ಮಾಡಿ ಒಂಬತ್ತನೆಯದಕ್ಕೆ ತಲೆ ಕೆರೆದುಕೊಳ್ಳುತ್ತಾರೆ. ನಡೆಗಳ ಹಿಂದಿರುವ ಯೋಚನೆ ಗೊತ್ತಿದ್ದರೆ ಎದುರಾಳಿ ಪುಸ್ತಕ ಬಿಟ್ಟು ಆಡಿದಾಗಲೂ ಕೈ ತಡೆಯುವುದಿಲ್ಲ. ಆ ಯೋಚನೆ ಬಹುಪಾಲು ಒಂದೇ ಕಾಯಿಯ ಸುತ್ತ ಇದೆ: ಸಿ8ರಲ್ಲಿ ಕೂತಿರುವ ಬಿಳಿಮನೆ ಒಂಟೆ, ಅಂದರೆ ಬಿಳಿ ಬಣ್ಣದ ಮನೆಗಳಲ್ಲಷ್ಟೇ ಓಡಾಡುವ ಒಂಟೆ.

ಇಲ್ಲಿ ಒಂಟೆ ಅಂದರೆ ಬಿಷಪ್, ಆನೆ ಅಂದರೆ ರೂಕ್, ಮಂತ್ರಿ ಅಂದರೆ ಕ್ವೀನ್, ಕಾಲಾಳು ಅಂದರೆ ಪಾನ್. ಕಾಯಿಯ ಹೆಸರಿಲ್ಲದೆ ಮನೆ ಮಾತ್ರ ಬರೆದಿದ್ದರೆ ಅದು ಕಾಲಾಳಿನ ನಡೆ. ಅಂಕಿಯ ಮುಂದೆ ಮೂರು ಚುಕ್ಕಿ (1…) ಇದ್ದರೆ ಕಪ್ಪಿನವರ ನಡೆ. × ಇದ್ದಲ್ಲಿ ಹೊಡೆತ, + ಇದ್ದಲ್ಲಿ ಚೆಕ್, ! ಇದ್ದಲ್ಲಿ ಒಳ್ಳೆಯ ನಡೆ. ಬೋರ್ಡ್ ಮುಂದಿಟ್ಟುಕೊಂಡು, ಕಪ್ಪು ಕಾಯಿ ನಿಮ್ಮ ಕಡೆಗಿಟ್ಟುಕೊಂಡು ಓದಿ.

ಸಿ6 ಯಾಕೆ

ಕಪ್ಪಿನವರಿಗೆ ಬೇಕಿರುವುದು ಡಿ5. ಸೀದಾ 1…ಡಿ5 ಆಡಿದರೆ 2. ಇ×ಡಿ5 ಮಂತ್ರಿ×ಡಿ5 3. ಕುದುರೆ ಸಿ3, ಮಂತ್ರಿಯನ್ನು ಅಟ್ಟಿಸಿಕೊಂಡು ಬಿಳಿಯವರ ಕುದುರೆ ಹೊರಗೆ ಬಂದಾಯಿತು. 1…ಇ6 ಆಡಿ ಆಮೇಲೆ ಡಿ5 ಆಡಿದರೆ ಫ್ರೆಂಚ್ ಡಿಫೆನ್ಸ್; ಡಿ5 ಗಟ್ಟಿಯಾಗುತ್ತದೆ, ಆದರೆ ಸಿ8ರ ಒಂಟೆ ತನ್ನದೇ ಕಾಲಾಳಿನ ಹಿಂದೆ ಸಿಕ್ಕಿಕೊಳ್ಳುತ್ತದೆ. ತೋಟದಲ್ಲಿ ಮೊದಲು ಸಿಲ್ವರ್ ಮರ ಎಬ್ಬಿಸಿ ಆಮೇಲೆ ಮೆಣಸಿನ ಬಳ್ಳಿ ಹಬ್ಬಿಸಿದ ಹಾಗೆ, ಇಲ್ಲಿ ಸಿ6 ಮೊದಲು ನಿಂತು ಆಸರೆ ಕೊಡುತ್ತದೆ, ಡಿ5 ಅದರ ಮೇಲೆ ನಿಲ್ಲುತ್ತದೆ. ಸಿ8ರಿಂದ ಎಚ್3ರವರೆಗಿನ ಓರೆ ಸಾಲು ತೆರೆದೇ ಇರುತ್ತದೆ.

ಇದಕ್ಕೆ ತೆರುವ ಬೆಲೆಯನ್ನೂ ತಿಳಿದಿರಬೇಕು. ಬಿ8ರ ಕುದುರೆಗೆ ಒಳ್ಳೆಯ ಮನೆಯಾದ ಸಿ6 ಹೋಯಿತು. ಮುಂದೆ ಬಿಳಿಯವರ ಡಿ4ಕ್ಕೆ ಪೆಟ್ಟು ಕೊಡಲು ಸಿ5 ಬೇಕೇ ಬೇಕು. ಆಗ ಒಂದೇ ನಡೆಯಲ್ಲಿ ಹೋಗಬಹುದಿದ್ದ ಕಾಲಾಳು ಎರಡು ನಡೆ ತಿಂದಂತೆ ಆಗುತ್ತದೆ. ಅಂದರೆ ಒಂಟೆಯ ಬಿಡುಗಡೆಗೆ ಒಂದು ನಡೆ ಕೊಡುತ್ತಿದ್ದೀರಿ. ಒಂಟೆ ಹೊರಗೆ ತರದೆಯೇ ಇ6 ಆಡಿದರೆ ದುಡ್ಡು ಕೊಟ್ಟು ಸಾಮಾನು ಅಂಗಡಿಯಲ್ಲೇ ಬಿಟ್ಟುಬಂದ ಲೆಕ್ಕ.

ಬರ್ಲಿನ್‌ನಲ್ಲಿದ್ದ ಹೊರೇಶಿಯೊ ಕಾರೋ ಮತ್ತು ವಿಯೆನ್ನಾದ ಮಾರ್ಕುಸ್ ಕಾನ್ 1886ರಲ್ಲಿ ಇದರ ವಿಶ್ಲೇಷಣೆ ಪ್ರಕಟಿಸಿದ್ದರಿಂದ ಈ ಹೆಸರು. ವಿಶ್ವ ಚಾಂಪಿಯನ್‌ಗಳಾದ ಕ್ಯಾಪಬ್ಲಾಂಕಾ, ಪೆಟ್ರೋಸಿಯನ್, ಕಾರ್ಪೊವ್ ಇದನ್ನು ಆಡಿದವರು. 1958ರಲ್ಲಿ ಸ್ಮಿಸ್ಲೋವ್ ಅವರಿಂದ ವಿಶ್ವ ಪಟ್ಟ ವಾಪಸ್ ಪಡೆದ ಬೊಟ್ವಿನ್ನಿಕ್, ಆ ಸರಣಿಯ ಮೊದಲ ಆಟವನ್ನೇ ಕಪ್ಪಿನಲ್ಲಿ ಕಾರೋ-ಕಾನ್ ಆಡಿ ಗೆದ್ದರು.

3. ಇ5 ಬಂದಾಗ

1. ಇ4 ಸಿ6 2. ಡಿ4 ಡಿ5 3. ಇ5. ಇದು ಅಡ್ವಾನ್ಸ್ ವೇರಿಯೇಶನ್. ವಿಡಿಯೊ ನೋಡಿ ಕಲಿತ ಎದುರಾಳಿಗಳು ಹೆಚ್ಚಾಗಿ ಆಡುವುದು ಇದನ್ನೇ, ಹಾಗಾಗಿ ಅರ್ಧ ಸಮಯ ಇದಕ್ಕೇ ಕೊಡಿ. ಉತ್ತರ 3…ಒಂಟೆ ಎಫ್5. ಒಂಟೆ ಹೊರಗೆ ಬಂತು, ಇನ್ನು ಇ6 ಆಡಿ ಬಾಗಿಲು ಹಾಕಿಕೊಳ್ಳಬಹುದು.

ಮಕ್ಕಳ ಆಟದಲ್ಲಿ ಮುಂದೆ ಸಾಮಾನ್ಯವಾಗಿ ಬರುವುದು 4. ಒಂಟೆ ಡಿ3. ನೋಡಲು ಸಹಜವಾದ ನಡೆ, ಆದರೆ ಕಪ್ಪಿನವರಿಗೆ ಸಿಕ್ಕ ಉಡುಗೊರೆ. ಬಿಳಿಯವರ ಡಿ4, ಇ5 ಕಾಲಾಳುಗಳು ನಿಂತಿರುವುದು ಕಪ್ಪು ಮನೆಗಳ ಮೇಲೆ. ಅವರ ಬಿಳಿಮನೆ ಒಂಟೆಗೆ ಅಡ್ಡಿಯಿಲ್ಲ, ಅದು ಅವರ ಒಳ್ಳೆಯ ಕಾಯಿ. ನಮ್ಮ ಸಿ6, ಡಿ5, ಇ6 ಮೂರೂ ಬಿಳಿ ಮನೆಗಳ ಮೇಲೆ. ನಮ್ಮ ಬಿಳಿಮನೆ ಒಂಟೆಯೇ ನಮ್ಮ ತೊಂದರೆಯ ಕಾಯಿ. 4…ಒಂಟೆ×ಡಿ3 5. ಮಂತ್ರಿ×ಡಿ3 ಇ6. ಕೆಟ್ಟದ್ದು ಕೊಟ್ಟು ಒಳ್ಳೆಯದನ್ನು ತೆಗೆದಂತಾಯಿತು.

ಇಲ್ಲಿಂದ ಮಂತ್ರಿಗೆ ಒಂದು ಒಳ್ಳೆಯ ದಾರಿ ಇದೆ. 6. ಕುದುರೆ ಎಫ್3 ಮಂತ್ರಿ ಎ5+ 7. ಸಿ3 ಮಂತ್ರಿ ಎ6. ಈಗ ಮಂತ್ರಿಗಳು ಎದುರುಬದುರು. ಬಿಳಿಯವರು 8. ಮಂತ್ರಿ×ಎ6 ಕುದುರೆ×ಎ6 ಆಡಿದರೆ ಅವರ ದಾಳಿಯ ಆಸೆ ಮುಗಿಯಿತು, ನಮಗೆ ನೆಮ್ಮದಿಯ ಎಂಡ್‌ಗೇಮ್ (ಆಟದ ಕೊನೆಯ ಹಂತ). ಬದಲಾವಣೆ ಬೇಡವೆಂದು ಮಂತ್ರಿಯನ್ನು ಡಿ3ರಿಂದ ಪಕ್ಕಕ್ಕೆ ಸರಿಸಿದರೆ ಎ6ರಿಂದ ಎಫ್1ರವರೆಗೆ ನಮ್ಮ ನೋಟ ಬೀಳುತ್ತದೆ, ಆ ನೋಟ ಇರುವಷ್ಟು ಹೊತ್ತು ರಾಜನ ಬದಿಗೆ ಕ್ಯಾಸಲಿಂಗ್ (ರಾಜ, ಆನೆ ಎರಡನ್ನೂ ಒಂದೇ ನಡೆಯಲ್ಲಿ ಸರಿಸುವುದು) ಆಗುವುದಿಲ್ಲ. 6. ಕುದುರೆ ಸಿ3 ಬಂದರೆ ಮಂತ್ರಿ ಬಿ6 ಮೂಲಕ ಎ6ಕ್ಕೆ ಹೋಗಬಹುದು, ಅಥವಾ ಬಿ6ರಲ್ಲೇ ನಿಂತು ಸಿ5 ತಳ್ಳಬಹುದು.

ಈ ಎರಡನೆಯದನ್ನು ನೋಡಬೇಕಾದರೆ 1927ರ ನ್ಯೂಯಾರ್ಕ್ ಟೂರ್ನಿಯ ನಿಮ್ಜೊವಿಚ್–ಕ್ಯಾಪಬ್ಲಾಂಕಾ ಆಟ ಹಾಕಿ ನೋಡಿ: 6. ಕುದುರೆ ಸಿ3 ಮಂತ್ರಿ ಬಿ6 7. ಜಿ1ರ ಕುದುರೆ ಇ2 ಸಿ5 8. ಡಿ×ಸಿ5 ಒಂಟೆ×ಸಿ5 9. ಕ್ಯಾಸಲಿಂಗ್, ಕುದುರೆ ಇ7. ಆ ಕುದುರೆ ಆಮೇಲೆ ಎಫ್5ಕ್ಕೆ ಬಂದು ನಿಲ್ಲುತ್ತದೆ. ಎಫ್5 ಬಿಳಿ ಮನೆ. ಅಲ್ಲಿಂದ ಎಬ್ಬಿಸಲು ಬಿಳಿಯವರ ಹತ್ತಿರ ಬಿಳಿಮನೆ ಒಂಟೆಯೇ ಇಲ್ಲ, ಉಳಿದದ್ದು ಜಿ4 ಒಂದೇ. ನಿಮ್ಜೊವಿಚ್ 16ನೇ ನಡೆಯಲ್ಲಿ ಜಿ4 ತಳ್ಳಿದರು, ಕುದುರೆ ಇ3ರ ಒಂಟೆಯನ್ನು ಹೊಡೆಯಿತು, ತಕ್ಷಣ ಎಚ್5 ಬಂತು. ತಳ್ಳಿದ ಕಾಲಾಳುಗಳೇ ಬಿಳಿಯವರ ರಾಜನ ಸುತ್ತ ತೂತು ಬಿಟ್ಟವು. ಕ್ಯಾಪಬ್ಲಾಂಕಾ ಅವಸರವಿಲ್ಲದೆ ಗೆದ್ದರು. ಕಾರೋ-ಕಾನ್‌ನ ಒಂದೇ ಒಂದು ಆಟ ಕಲಿಯುವಷ್ಟು ಸಮಯ ಇದ್ದರೆ ಇದನ್ನೇ ಕಲಿಯಿರಿ.

ಚೆನ್ನಾಗಿ ತಯಾರಾದವರು 4. ಕುದುರೆ ಎಫ್3 ಇ6 5. ಒಂಟೆ ಇ2 ಆಡುತ್ತಾರೆ. ಇದನ್ನು ಜನಪ್ರಿಯ ಮಾಡಿದವರು ಇಂಗ್ಲೆಂಡಿನ ನೈಜೆಲ್ ಶಾರ್ಟ್. ಬೆದರಿಕೆ ಏನೂ ಕಾಣುವುದಿಲ್ಲ, ನಿಧಾನಕ್ಕೆ ಜಾಗ ಹಿಂಡುತ್ತಾರೆ. ಇಲ್ಲಿ ಸುಮ್ಮನೆ ಕುದುರೆ, ಒಂಟೆ ತೆಗೆಯುತ್ತ ಕೂತರೆ ಹದಿನೈದನೇ ನಡೆಯ ಹೊತ್ತಿಗೆ ಉಸಿರು ಕಟ್ಟುತ್ತದೆ. 5…ಸಿ5 ಆಡಿ. 6. ಒಂಟೆ ಇ3 ಸಿ×ಡಿ4 7. ಕುದುರೆ×ಡಿ4 ಕುದುರೆ ಇ7, ಆಮೇಲೆ ಬಿ8ರ ಕುದುರೆ ಸಿ6ಕ್ಕೆ. ಬಿಳಿಯವರು ಎಫ್5ರ ಒಂಟೆಯನ್ನು ಹೊಡೆದರೆ ಇ7ರ ಕುದುರೆ ಹೊಡೆದು ಅದೇ ಎಫ್5ಕ್ಕೆ ಬರುತ್ತದೆ, ಎಫ್8ರ ಒಂಟೆಗೂ ದಾರಿ ಬಿಡುತ್ತದೆ. ಇಂಥ ಕಡೆ ಮಂತ್ರಿಯನ್ನು ಬಿ6ಕ್ಕೆ ತಂದು ಬಿ2ರ ಕಾಲಾಳು ನುಂಗುವ ಆಸೆ ಎಲ್ಲರಿಗೂ ಬರುತ್ತದೆ. ಮಂತ್ರಿ ಅಲ್ಲಿ ಸಿಕ್ಕಿಬಿದ್ದಾಗ ಬಿಳಿಯವರ ಕುದುರೆ ಬಿ5ಕ್ಕೆ ಹಾರಿ ಸಿ7 ಮೇಲೆ ಕಣ್ಣಿಡುತ್ತದೆ. ಕನಿಷ್ಠ ಎರಡು ಕಾಯಿ ಹೊರಗೆ ಬಂದಿರದೆ ಬಿ2 ಮುಟ್ಟಬೇಡಿ.

ಈಗ ಒಂದು ಬಲೆ. 4. ಎಚ್4. ಏನೋ ಸುಮ್ಮನೆ ತಳ್ಳಿದ ಹಾಗಿದೆ. ಅಭ್ಯಾಸಬಲದಿಂದ 4…ಇ6 ಆಡಿದಿರೋ, 5. ಜಿ4 ಒಂಟೆ ಇ4 6. ಎಫ್3 ಒಂಟೆ ಜಿ6 7. ಎಚ್5, ಒಂಟೆ ಸತ್ತಿತು. ಎಚ್7ರಲ್ಲಿ ನಮ್ಮದೇ ಕಾಲಾಳು ಇರುವುದರಿಂದ ಹಿಂದಕ್ಕೆ ಜಾಗವಿಲ್ಲ. ಹೆಚ್ಚೆಂದರೆ ಒಂದು ಕಾಲಾಳು ಹೊಡೆದು ಸಾಯಬಹುದು. ಸರಿಯಾದ ಉತ್ತರ 4…ಎಚ್5. ಜಿ4 ಬರದಂತೆ ತಡೆಯುತ್ತದೆ. 5. ಒಂಟೆ ಜಿ5 ಬಂದರೆ 5…ಮಂತ್ರಿ ಬಿ6 6. ಒಂಟೆ ಡಿ3 ಒಂಟೆ×ಡಿ3 7. ಮಂತ್ರಿ×ಡಿ3 ಮಂತ್ರಿ ಎ6, ಮೇಲೆ ನೋಡಿದ ಅದೇ ಎ6.

ಇನ್ನು 4. ಕುದುರೆ ಸಿ3 ಇ6 5. ಜಿ4 ಒಂಟೆ ಜಿ6 6. ಜಿ1ರ ಕುದುರೆ ಇ2. ಇದು ಅಡ್ವಾನ್ಸ್‌ನ ಅತಿ ಚೂಪಾದ ದಾರಿ. ಕುದುರೆ ಎಫ್4ಕ್ಕೆ, ಎಚ್ ಕಾಲಾಳು ಮುಂದಕ್ಕೆ, ಒಂಟೆಯ ಬೇಟೆ. ಬದಿಯಲ್ಲಿ ದಾಳಿ ಬಂದಾಗ ನಡುವಿಗೆ ಹೊಡೆಯಬೇಕು, ಹಾಗಾಗಿ ತಡಮಾಡದೆ 6…ಸಿ5. 7. ಎಚ್4 ಬಂದರೆ 7…ಎಚ್5. 8. ಕುದುರೆ ಎಫ್4 ಒಂಟೆ ಎಚ್7 ಆದಮೇಲೆ ಎಚ್5ರ ಕಾಲಾಳು ಹೋಗಬಹುದು, ಅದಕ್ಕೆ ಬದಲಾಗಿ ಡಿ4 ಕುಸಿಯುತ್ತದೆ. ಇದನ್ನು ಬೋರ್ಡ್ ಮೇಲೆ ಮೊದಲೇ ಆಡಿ ನೋಡಿರಬೇಕು, ಟೂರ್ನಿಯಲ್ಲಿ ಗಡಿಯಾರ ಓಡುವಾಗ ಹೊಸದಾಗಿ ಹುಡುಕಲು ಆಗುವುದಿಲ್ಲ.

3. ಕುದುರೆ ಸಿ3 ಬಂದಾಗ

3…ಡಿ×ಇ4 4. ಕುದುರೆ×ಇ4. ಇಲ್ಲಿ ಮೂರು ದಾರಿ ಒಡೆಯುತ್ತವೆ.

ಹೊಸಬರಿಗೆ ನಾವು ಹೇಳುವುದು 4…ಕುದುರೆ ಎಫ್6. 5. ಕುದುರೆ×ಎಫ್6+ ಇ×ಎಫ್6. ಎಫ್ ಸಾಲಿನಲ್ಲಿ ಎರಡು ಕಾಲಾಳು ಒಂದರ ಹಿಂದೊಂದು, ನೋಡಲು ಚೆನ್ನಾಗಿಲ್ಲ. ಆದರೆ ಇ ಕಾಲಾಳು ಪಕ್ಕಕ್ಕೆ ಹೋದದ್ದರಿಂದ ಎರಡೂ ಒಂಟೆಗಳಿಗೆ ದಾರಿ ಆಯಿತು, ಇ ಸಾಲು ಆನೆಗೆ ಸಿಕ್ಕಿತು, ರಾಜನ ಮುಂದೆ ಒಂದು ಕಾಲಾಳು ಹೆಚ್ಚಾಯಿತು. ನಡೆಗಳೂ ಸುಲಭ: ಒಂಟೆ ಡಿ6, ಕ್ಯಾಸಲಿಂಗ್, ಆನೆ ಇ8, ಕುದುರೆ ಡಿ7ರಿಂದ ಎಫ್8. ಬಿಳಿಯವರ ಒಳ್ಳೆಯ ಕ್ರಮ 6. ಸಿ3 ಒಂಟೆ ಡಿ6 7. ಒಂಟೆ ಡಿ3 ಕ್ಯಾಸಲಿಂಗ್ 8. ಮಂತ್ರಿ ಸಿ2, ಎಚ್7ರ ಮೇಲೆ ಗುರಿ. ಮೊದಲು 8…ಆನೆ ಇ8+ ಕೊಡಿ, 9. ಕುದುರೆ ಇ2 ಆದಮೇಲೆ 9…ಎಚ್5. ಜಿ6 ಆಡಿ ತಡೆದರೂ ಆಟ ನಡೆಯುತ್ತದೆ, ಆದರೆ ಬಿಳಿಯವರು ಎಚ್4-ಎಚ್5 ತಳ್ಳಿಕೊಂಡು ಬರಲು ಅದೇ ಕೊಕ್ಕೆಯಾಗುತ್ತದೆ.

ಇಲ್ಲಿ ಮರೆಯಬಾರದ ಒಂದು ಲೆಕ್ಕ: ಮಂತ್ರಿ ಬದಿಯಲ್ಲಿ ಬಿಳಿಯವರಿಗೆ ನಾಲ್ಕು ಕಾಲಾಳು, ನಮಗೆ ಮೂರು. ನಮ್ಮ ರಾಜನ ಬದಿಯ ನಾಲ್ಕರಲ್ಲಿ ಎರಡು ಒಂದೇ ಸಾಲಿನಲ್ಲಿರುವುದರಿಂದ ಅಲ್ಲಿಂದ ದಾಟಿಹೋಗುವ ಕಾಲಾಳು ಹುಟ್ಟುವುದು ಕಷ್ಟ. ಎಲ್ಲ ಕಾಯಿ ಬದಲಾಯಿಸಿ ಬರೀ ರಾಜ-ಕಾಲಾಳುಗಳ ಎಂಡ್‌ಗೇಮ್‌ಗೆ ಇಳಿದರೆ ಸಾಮಾನ್ಯವಾಗಿ ಸೋಲು. ಅಡ್ವಾನ್ಸ್‌ನಲ್ಲಿ ಕಾಯಿ ಬದಲಾವಣೆ ನಮಗೆ ಒಳ್ಳೆಯದು, ಇಲ್ಲಿ ಕಾಯಿ ಉಳಿಸಿಕೊಳ್ಳುವುದು ಒಳ್ಳೆಯದು.

ಎರಡನೆಯ ದಾರಿ ಹಳೆಯ ಕ್ಲಾಸಿಕಲ್: 4…ಒಂಟೆ ಎಫ್5 5. ಕುದುರೆ ಜಿ3 ಒಂಟೆ ಜಿ6 6. ಎಚ್4 ಎಚ್6. ಈ ಎಚ್6 ಮರೆತು 6…ಇ6 ಆಡಿದರೆ 7. ಎಚ್5, ಒಂಟೆ ಎಫ್5ಕ್ಕೆ ಹೋಗಿ ಬಿಳಿಯವರ ಕುದುರೆಗೆ ಬದಲಾಗಬೇಕಾಗುತ್ತದೆ. 7. ಕುದುರೆ ಎಫ್3 ಬಂದಾಗ 7…ಕುದುರೆ ಡಿ7. ಬಿಳಿಯವರ ಕುದುರೆ ಇ5ಕ್ಕೆ ಬಂದು ಕೂರದಂತೆ. 8. ಎಚ್5 ಒಂಟೆ ಎಚ್7 9. ಒಂಟೆ ಡಿ3 ಒಂಟೆ×ಡಿ3 10. ಮಂತ್ರಿ×ಡಿ3 ಇ6. ಮುಂದೆ ಕುದುರೆ ಎಫ್6, ಒಂಟೆ ಇ7, ಕ್ಯಾಸಲಿಂಗ್, ಸಿ5.

ಮೂರನೆಯದು 4…ಕುದುರೆ ಡಿ7. ಕಾರ್ಪೊವ್ ಅವರ ಇಷ್ಟದ ನಡೆ, ಆದರೆ ಹೊಸಬರಿಗೆ ಗುಂಡಿಗಳು ಬಹಳ. 5. ಮಂತ್ರಿ ಇ2 ಬಂದಾಗ ಸಹಜವಾಗಿ ಕೈ ಜಿ8ರ ಕುದುರೆಗೆ ಹೋಗುತ್ತದೆ. 5…ಕುದುರೆ ಎಫ್6, 6. ಕುದುರೆ ಡಿ6, ಆಟ ಮುಗಿಯಿತು, ಚೆಕ್‌ಮೇಟ್. ಇ7ರ ಕಾಲಾಳು ಡಿ6 ಹೊಡೆಯುವಂತಿಲ್ಲ, ಇ2ರ ಮಂತ್ರಿಯಿಂದ ಅದು ಪಿನ್ ಆಗಿದೆ, ಎದ್ದರೆ ರಾಜನಿಗೇ ಚೆಕ್. ಎಫ್6ಕ್ಕೆ ಡಿ7ರ ಕುದುರೆಯನ್ನೇ ಆಡಬೇಕು. ಇನ್ನೊಂದು ಗುಂಡಿಗೆ ಬಿದ್ದವರು ಸ್ವತಃ ಕಾಸ್ಪರೊವ್. 1997ರ ಮೇ 11, ನ್ಯೂಯಾರ್ಕ್, ಡೀಪ್ ಬ್ಲೂ ಕಂಪ್ಯೂಟರ್ ಎದುರು ಆರನೇ ಹಾಗೂ ಕೊನೆಯ ಆಟ: 5. ಕುದುರೆ ಜಿ5 ಜಿ8ರ ಕುದುರೆ ಎಫ್6 6. ಒಂಟೆ ಡಿ3 ಇ6 7. ಜಿ1ರ ಕುದುರೆ ಎಫ್3 ಎಚ್6. ಕುದುರೆಯನ್ನು ಓಡಿಸಲು ಹೋದರೆ 8. ಕುದುರೆ×ಇ6! ಕಾಯಿ ಹೊಡೆದರೆ ಒಂಟೆ ಜಿ6+ ಬಂದು ರಾಜ ನಡುಬಯಲಿನಲ್ಲಿ ಸಿಕ್ಕಿಕೊಳ್ಳುತ್ತಾನೆ. ಆಟ 19 ನಡೆಗೆ ಮುಗಿಯಿತು, ಸರಣಿಯೂ ಹೋಯಿತು. ಮೊದಲು 7…ಒಂಟೆ ಡಿ6, 8. ಮಂತ್ರಿ ಇ2 ಆದಮೇಲೆ 8…ಎಚ್6. ಒಂದೇ ನಡೆಯ ಹಿಂದುಮುಂದು, ಅಷ್ಟೇ ವ್ಯತ್ಯಾಸ.

ಎರಡು ಕುದುರೆ ಮೊದಲು ತೆಗೆಯುವವರೂ ಇದ್ದಾರೆ: 2. ಕುದುರೆ ಸಿ3 ಡಿ5 3. ಕುದುರೆ ಎಫ್3. ಇಲ್ಲಿ ಕ್ಲಾಸಿಕಲ್ ಕಲಿತವರು ಎಡವುತ್ತಾರೆ. 3…ಡಿ×ಇ4 4. ಕುದುರೆ×ಇ4 ಒಂಟೆ ಎಫ್5 5. ಕುದುರೆ ಜಿ3 ಒಂಟೆ ಜಿ6 6. ಎಚ್4 ಎಚ್6 7. ಕುದುರೆ ಇ5 ಒಂಟೆ ಎಚ್7 8. ಮಂತ್ರಿ ಎಚ್5 ಜಿ6 9. ಒಂಟೆ ಸಿ4! ಮಂತ್ರಿ ಹೊಡೆದರೆ ಒಂಟೆ×ಎಫ್7, ಮೇಟ್. ಹೊಡೆಯದೆ 9…ಇ6 ಆಡಿದರೂ 10. ಮಂತ್ರಿ ಇ2, ಕಪ್ಪಿನವರ ಸ್ಥಿತಿ ಹಾಳು. ಡಿ4 ಇನ್ನೂ ಆಡಿಲ್ಲದ್ದರಿಂದ ಉಳಿದ ಒಂದು ನಡೆ ಬಿಳಿಯವರಿಗೆ ಇಷ್ಟೆಲ್ಲ ಕೊಡುತ್ತದೆ. 4…ಕುದುರೆ ಎಫ್6 ಕಲಿತವರಿಗೆ ಈ ತಲೆನೋವಿಲ್ಲ, ಅದೇ ನಡೆ ಇಲ್ಲಿಯೂ ನಡೆಯುತ್ತದೆ. ಅದನ್ನು ಮೊದಲು ಕಲಿಸಲು ಇದೂ ಒಂದು ಕಾರಣ. ಇನ್ನೊಂದು ಆಯ್ಕೆ 3…ಒಂಟೆ ಜಿ4 4. ಎಚ್3 ಒಂಟೆ×ಎಫ್3 5. ಮಂತ್ರಿ×ಎಫ್3 ಇ6. ಒಂಟೆಯನ್ನು ಎಚ್5ಕ್ಕೆ ಹಿಂದೆ ತೆಗೆಯಬೇಡಿ: 5. ಇ×ಡಿ5 ಸಿ×ಡಿ5 6. ಒಂಟೆ ಬಿ5+ ಕುದುರೆ ಸಿ6 7. ಜಿ4 ಒಂಟೆ ಜಿ6 8. ಕುದುರೆ ಇ5, ಸಿ6ರ ಮೇಲೆ ಒತ್ತಡ ತಡೆಯಲಾಗದಷ್ಟು.

ಡಿ5ರಲ್ಲಿ ಹೊಡೆದಾಗ

3. ಇ×ಡಿ5 ಸಿ×ಡಿ5 ಆದಮೇಲೆ 4. ಒಂಟೆ ಡಿ3 ಬಂದರೆ ಎಕ್ಸ್‌ಚೇಂಜ್. ಎಫ್5 ನಮಗೆ ಸಿಗದಂತೆ ಮಾಡಿದ್ದಾರೆ, ಆದ್ದರಿಂದ ಒಂಟೆ ಜಿ4ಕ್ಕೆ ಹೋಗಲಿ: 4…ಕುದುರೆ ಸಿ6 5. ಸಿ3 ಕುದುರೆ ಎಫ್6 6. ಒಂಟೆ ಎಫ್4 ಒಂಟೆ ಜಿ4 7. ಮಂತ್ರಿ ಬಿ3 ಮಂತ್ರಿ ಡಿ7. ಒಂಟೆ ಹೊರಗೆ ಬಂದರೆ ಬಿ7 ಕಾವಲಿಲ್ಲದೆ ಉಳಿಯುತ್ತದೆ. ಕಾರೋ-ಕಾನ್ ಆಡುವವರು ಈ ಮಂತ್ರಿ ಬಿ3ಯನ್ನು ಯಾವಾಗಲೂ ಕಾದಿರಬೇಕು. ಜಿ4 ತಡೆಯಲು ಅವರು 6. ಎಚ್3 ಆಡಿದರೆ 6…ಇ5! 7. ಡಿ×ಇ5 ಕುದುರೆ×ಇ5, ಕಾಯಿಗಳೆಲ್ಲ ಸರಾಗ.

ಮುಂದಿನ ಯೋಜನೆ: ಇ6, ಒಂಟೆ ಡಿ6, ಕ್ಯಾಸಲಿಂಗ್, ಎ8ರ ಆನೆ ಬಿ8, ಆಮೇಲೆ ಬಿ5-ಬಿ4. ನಮ್ಮ ಎರಡು ಕಾಲಾಳು ಅವರ ಮೂರರ ಮೇಲೆ ಏರಿ ಹೋಗುವುದು ಸಿ3ರಲ್ಲಿ ಬಲಹೀನ ಕಾಲಾಳು ಹುಟ್ಟಿಸಲು. ಬಿಳಿಯವರು ಅಷ್ಟರಲ್ಲಿ ಕುದುರೆ ಇ5, ಎಫ್4 ಎಂದು ರಾಜನ ಮೇಲೆ ಬರುತ್ತಾರೆ. 1970ರಲ್ಲಿ ಬೆಲ್‌ಗ್ರೇಡ್‌ನಲ್ಲಿ ಫಿಶರ್ ಇದೇ ಎಕ್ಸ್‌ಚೇಂಜ್ ಆಡಿ ಪೆಟ್ರೋಸಿಯನ್ ಅವರನ್ನು ಸೋಲಿಸಿದ್ದರು, ಹಾಗಾಗಿ ಇದನ್ನು ಸಪ್ಪೆ ಎಂದುಕೊಂಡು ಕೂರಬೇಡಿ.

4. ಸಿ4 ಬಂದರೆ ಪನೋವ್ ದಾಳಿ. 4…ಕುದುರೆ ಎಫ್6 5. ಕುದುರೆ ಸಿ3 ಇ6 6. ಕುದುರೆ ಎಫ್3 ಒಂಟೆ ಇ7 7. ಸಿ×ಡಿ5 ಕುದುರೆ×ಡಿ5 8. ಒಂಟೆ ಡಿ3 ಕುದುರೆ ಸಿ6 9. ಕ್ಯಾಸಲಿಂಗ್, ಕ್ಯಾಸಲಿಂಗ್. ತಲೆಬರಹದ ನಿಯಮ ಮುರಿಯುವ ಜಾಗ ಇದು: ಇಲ್ಲಿ ಇ6 ಮೊದಲು, ಒಂಟೆ ಆಮೇಲೆ ಬಿ6, ಬಿ7 ಮೂಲಕ ಹೊರಗೆ. ನಡುವಿನ ಜಗಳ ಬಿಸಿಯಿರುವಾಗ ಡಿ5ಕ್ಕೆ ಕಾವಲು ಮುಖ್ಯ. ಬಿಳಿಯವರ ಡಿ4 ಒಂಟಿ ಕಾಲಾಳು, ಅಕ್ಕಪಕ್ಕ ಯಾರಿಲ್ಲ. ಡಿ5ರಲ್ಲಿ ಕುದುರೆ ನಿಲ್ಲಿಸಿ ಅದನ್ನು ಅಲ್ಲಲ್ಲೇ ಕಟ್ಟಿಹಾಕಿ, ಚಿಕ್ಕ ಕಾಯಿಗಳನ್ನು ಬದಲಾಯಿಸುತ್ತ ಬನ್ನಿ. ಕಾಯಿ ಕಡಿಮೆಯಾದಷ್ಟೂ ಡಿ4 ಹೊರೆಯಾಗುತ್ತದೆ. ಕಾಯಿ ತುಂಬಿರುವಾಗ ಮಾತ್ರ ಒಂಟೆ-ಮಂತ್ರಿ ಜೋಡಿ ಎಚ್7 ನೋಡುವುದರ ಬಗ್ಗೆ, ಮತ್ತು ಡಿ5 ತಳ್ಳುವುದರ ಬಗ್ಗೆ ಎಚ್ಚರ.

3. ಎಫ್3 ಆಡುವವರಿಗೆ 3…ಡಿ×ಇ4 4. ಎಫ್×ಇ4 ಇ5. ಅವರು 5. ಡಿ×ಇ5 ಹೊಡೆದರೆ ಮಂತ್ರಿ ಎಚ್4+, 6. ಜಿ3 ಅಂದರೆ ಮಂತ್ರಿ×ಇ4+, ಎಚ್1ರ ಆನೆ ಹೋಯಿತು. 5. ಕುದುರೆ ಎಫ್3 ಬಂದರೆ ಒಂಟೆ ಜಿ4. ಡಿ4ನ್ನು ಹೊಡೆಯಬೇಡಿ, 6. ಒಂಟೆ ಸಿ4 ಬಂದು ಎಫ್7 ಬಿಸಿಯಾಗುತ್ತದೆ.

ಅಭ್ಯಾಸ ಹೇಗೆ

ಸಕಲೇಶಪುರ, ಮೂಡಿಗೆರೆ ಕಡೆ ಜುಲೈನಲ್ಲಿ ಶಾಲೆಗೆ ಮಳೆ ರಜೆ ಬಿದ್ದಾಗ ಇದಕ್ಕೆ ಒಳ್ಳೆಯ ಹೊತ್ತು. ಇಬ್ಬರು ಕೂತು 3. ಇ5 ಒಂಟೆ ಎಫ್5 ಆದಮೇಲಿನ ಸ್ಥಿತಿಯಿಂದ ಆಟ ಶುರು ಮಾಡಿ, ಪ್ರತಿ ಆಟಕ್ಕೂ ಬಣ್ಣ ಬದಲಿಸಿ. ಬಿಳಿಯಲ್ಲಿ ಕೂತು ಆಡಿದಾಗಲೇ ಕಪ್ಪಿನವರ ಯಾವ ನಡೆ ಕಿರಿಕಿರಿ ಕೊಡುತ್ತದೆಂದು ಗೊತ್ತಾಗುವುದು. ವಾರ ಬಿಟ್ಟು 4…ಕುದುರೆ ಎಫ್6 ಸ್ಥಿತಿಯಿಂದ ಹೀಗೇ ಮಾಡಿ. ರ‍್ಯಾಪಿಡ್‌ನಲ್ಲಿ ನಡೆ ಬರೆಯುವುದು ಕಡ್ಡಾಯವಲ್ಲ, ಆದರೂ ಸುತ್ತು ಮುಗಿದ ಕೂಡಲೇ ನೆನಪಿರುವಷ್ಟನ್ನು ನೋಟ್‌ಬುಕ್ಕಿಗೆ ಇಳಿಸಿ. ಪಕ್ಕದಲ್ಲಿ ಎರಡು ವಿಷಯ ಗುರುತು ಮಾಡಿ: ಸಿ8ರ ಒಂಟೆ ಎಷ್ಟನೇ ನಡೆಗೆ ಹೊರಬಂತು, ಸಿ5 ಎಷ್ಟನೇ ನಡೆಗೆ ಬಂತು. ಸೋತ ಆಟಗಳಲ್ಲಿ ಎರಡನೆಯ ಅಂಕಣ ಖಾಲಿ ಇರುವುದೇ ಹೆಚ್ಚು.

ಎದುರಾಳಿ 1. ಡಿ4 ಆಡಿದರೆ ಇದೇ ಯೋಚನೆಯ ಸ್ಲಾವ್ ಡಿಫೆನ್ಸ್ ಇದೆ: 1…ಡಿ5 2. ಸಿ4 ಸಿ6. ಒಂದು ಎಚ್ಚರಿಕೆ ಮಾತ್ರ. 3. ಕುದುರೆ ಎಫ್3 ಕುದುರೆ ಎಫ್6 4. ಕುದುರೆ ಸಿ3 ಆದಾಗ ಕಾರೋ-ಕಾನ್ ಅಭ್ಯಾಸದಲ್ಲಿ ತಕ್ಷಣ 4…ಒಂಟೆ ಎಫ್5 ಆಡಬೇಡಿ. 5. ಸಿ×ಡಿ5 ಸಿ×ಡಿ5 6. ಮಂತ್ರಿ ಬಿ3 ಬಂದು ಬಿ7, ಡಿ5 ಎರಡಕ್ಕೂ ಒಟ್ಟಿಗೆ ಪೆಟ್ಟು ಬೀಳುತ್ತದೆ. ಮೊದಲು 4…ಡಿ×ಸಿ4, ಬಿಳಿಯವರು 5. ಎ4 ಆಡಿದ ಮೇಲೆ 5…ಒಂಟೆ ಎಫ್5.